ದೋಣಿಯಿಂದ ನೀರಿಗೆ ಬಿದ್ದ ವಸ್ತುವನ್ನು ಹುಡುಕಿ ಎತ್ತುವ ಬಗೆ

ಕೀಲಿಗೊಂಚಲೋ ಫೋನೋ ಉಂಗುರವೋ ದೋಣಿಯಿಂದ ಜಾರಿ ನೀರಿಗೆ ಬಿದ್ದಾಗ ಎಲ್ಲರೂ ಅಂಚಿಗೆ ಬಾಗಿ ನೀರನ್ನೇ ನೋಡುತ್ತಾರೆ. ಮುಳುಗಿಹೋದ ವಸ್ತುವಿನ ಮಟ್ಟಿಗೆ ಇದರಿಂದ ಪ್ರಯೋಜನವಿಲ್ಲ. ಆ ಕ್ಷಣದಲ್ಲಿ ನೋಡಬೇಕಾದದ್ದು ದಡವನ್ನು. ಅಯಸ್ಕಾಂತ, ಕೊಕ್ಕೆ, ಬಲೆ, ಕ್ಯಾಮೆರಾ ಮುಂತಾದ ಸಾಧನಗಳನ್ನು ನಾಳೆಯೋ ನಾಡಿದ್ದೋ ತಂದುಕೊಳ್ಳಬಹುದು, ಆದರೆ ವಸ್ತು ಬಿದ್ದ ಜಾಗವನ್ನು ಮೊದಲ ಅರ್ಧ ನಿಮಿಷದಲ್ಲಿ ಗುರುತು ಹಾಕಿಕೊಳ್ಳದಿದ್ದರೆ ಎಂಥ ಸಾಧನವೂ ಕೆಲಸಕ್ಕೆ ಬರುವುದಿಲ್ಲ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿರುವ ದೋಣಿ ಸೆಕೆಂಡಿಗೆ ಸುಮಾರು 2.8 ಮೀಟರ್ ಮುಂದೆ ಸಾಗುತ್ತದೆ. ಕೂಗಿ ಹೇಳಿ, ಚಾಲಕರಿಗೆ ವಿಷಯ ಅರ್ಥವಾಗಿ, ಅವರು ಎಂಜಿನ್ ನಿಧಾನಿಸುವಷ್ಟರಲ್ಲಿ 10 ಸೆಕೆಂಡು ಕಳೆದಿದ್ದರೆ ದೋಣಿ ಆಗಲೇ 28 ಮೀಟರ್ ದಾಟಿರುತ್ತದೆ, ಮತ್ತು ನೀರಿನ ಮೇಲ್ಮೈ ಎಲ್ಲ ಕಡೆಯೂ ಒಂದೇ ರೀತಿ ಕಾಣುತ್ತದೆ.

ಇದಕ್ಕೂ ಮೊದಲು ಖಚಿತಪಡಿಸಿಕೊಳ್ಳಬೇಕಾದ ಒಂದು ವಿಷಯವಿದೆ. ದೋಣಿಯಲ್ಲಿದ್ದವರೆಲ್ಲರೂ ದೋಣಿಯಲ್ಲೇ ಇದ್ದಾರೆಯೇ ಎಂದು ನೋಡಿಕೊಳ್ಳಿ. ವಸ್ತುವಿನ ಹಿಂದೆ ಯಾರೂ ಹಾರಬಾರದು. ತಣ್ಣೀರಿಗೆ ಹಠಾತ್ತಾಗಿ ಬಿದ್ದವರು ತಮಗರಿವಿಲ್ಲದೆಯೇ ಏದುಸಿರು ಬಿಡುತ್ತಾರೆ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಚೆನ್ನಾಗಿ ಈಜಬಲ್ಲವರೂ ನೀರು ಕುಡಿಯುತ್ತಾರೆ. ಹಾರಿದವರ ಹತ್ತಿರ ಪ್ರೊಪೆಲ್ಲರ್ ತಿರುಗುತ್ತಿರುವುದು ಇದಕ್ಕಿಂತ ದೊಡ್ಡ ಅಪಾಯ. ಎಲ್ಲರೂ ಒಂದೇ ಪಕ್ಕಕ್ಕೆ ಬಾಗಿದರೆ ಸಣ್ಣ ದೋಣಿ ಮಗುಚಿಕೊಳ್ಳುವುದೂ ಉಂಟು.

ಜಾಗವನ್ನು ಗುರುತು ಹಾಕಿಕೊಳ್ಳುವುದು

ದೋಣಿಯಲ್ಲಿ ನಕ್ಷೆ ತೋರಿಸುವ ಜಿಪಿಎಸ್ ಉಪಕರಣವಿದ್ದರೆ ಅದರಲ್ಲಿ ಮನುಷ್ಯರು ನೀರಿಗೆ ಬಿದ್ದಾಗ ಒತ್ತಲೆಂದು ಇಟ್ಟಿರುವ ಎಂಒಬಿ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಒತ್ತಿದ ಕ್ಷಣದ ಸ್ಥಾನ ಅದರಲ್ಲಿ ದಾಖಲಾಗುತ್ತದೆ. ಕೆಲವು ರೇಡಿಯೋ ಉಪಕರಣಗಳಲ್ಲಿ ಇಂಥ ಗುಂಡಿ ಅಪಾಯದ ಕರೆಯನ್ನೂ ಕಳಿಸುವುದರಿಂದ, ನಿಮ್ಮ ಗುಂಡಿ ಏನು ಮಾಡುತ್ತದೆಂದು ಮೊದಲೇ ತಿಳಿದಿರಲಿ. ಜಿಪಿಎಸ್ ಉಪಕರಣವೇ ಇಲ್ಲದಿದ್ದರೆ ಫೋನಿನ ನಕ್ಷೆಯಲ್ಲಿ ಆ ಬಿಂದುವನ್ನು ಉಳಿಸಿಕೊಳ್ಳಿ; ಬಿದ್ದಿರುವುದು ಫೋನೇ ಆಗಿದ್ದರೆ ಪಕ್ಕದವರ ಫೋನನ್ನು ಕೇಳಿ. ಆದರೆ ಫೋನಿನ ಜಿಪಿಎಸ್ ಅನ್ನು ಪೂರ್ತಿ ನಂಬಿ ಕೂರಬಾರದು. ತೆರೆದ ಆಕಾಶದ ಕೆಳಗೂ ಅದರ ತೋರಿಕೆಯಲ್ಲಿ ಸುಮಾರು 5 ಮೀಟರ್ ವ್ಯತ್ಯಾಸ ಸಹಜ. 5 ಮೀಟರ್ ತ್ರಿಜ್ಯದ ವೃತ್ತವೆಂದರೆ 78 ಚದರ ಮೀಟರ್ ತಳ. ಕೆಸರಿನಲ್ಲಿ ಒಂದು ಕೀಲಿಗೊಂಚಲನ್ನು ಅಷ್ಟು ಜಾಗದಲ್ಲಿ ತಡಕಾಡುವುದು ಹಗುರದ ಮಾತಲ್ಲ.

ಹಾಗಾಗಿ ದಡದ ಗುರುತುಗಳನ್ನು ಹಿಡಿಯುವ ಹಳೆಯ ವಿಧಾನವೇ ಈಗಲೂ ಮೇಲು. ದಡದಂಚಿನ ಒಂದು ಕಂಬವೂ ಅದರ ಹಿಂದೆ ದೂರದಲ್ಲಿರುವ ಒಂದು ಮರವೋ ಗೋಪುರವೋ ಒಂದೇ ಗೆರೆಯಲ್ಲಿ ಕಾಣುತ್ತಿದ್ದರೆ ನೀವು ಆ ಗೆರೆಯ ಮೇಲೆಯೇ ಇದ್ದೀರಿ. ಅದಕ್ಕೆ ಹೆಚ್ಚುಕಡಿಮೆ ಲಂಬವಾದ ಇನ್ನೊಂದು ದಿಕ್ಕಿನಲ್ಲಿ ಇಂಥದೇ ಇನ್ನೊಂದು ಜೋಡಿಯನ್ನು ಆರಿಸಿಕೊಳ್ಳಿ. ಎರಡು ಗೆರೆಗಳು ಕೂಡುವಲ್ಲಿ ನಿಮ್ಮ ವಸ್ತು ಬಿದ್ದಿದೆ. ಜೋಡಿಯ ಎರಡು ಗುರುತುಗಳ ನಡುವಿನ ದೂರ ಹೆಚ್ಚಿದ್ದಷ್ಟೂ ಲೆಕ್ಕ ನಿಖರವಾಗುತ್ತದೆ, ಏಕೆಂದರೆ ದೋಣಿ ಸ್ವಲ್ಪವೇ ಪಕ್ಕಕ್ಕೆ ಸರಿದರೂ ಹಿಂದಿನ ಮರ ಮುಂದಿನ ಕಂಬದಿಂದ ಕಳಚಿಕೊಂಡಂತೆ ಕಾಣುತ್ತದೆ. ಎರಡೂ ದಿಕ್ಕಿನ ಫೋಟೋ ತೆಗೆದಿಟ್ಟುಕೊಂಡರೆ ತಿಂಗಳ ನಂತರವೂ ಅದೇ ಬಿಂದುವಿಗೆ ಮರಳಬಹುದು. ನಿಂತ ದೋಣಿಯನ್ನೋ ಹೂಳಿನಲ್ಲಿ ನೆಟ್ಟ ಕೋಲನ್ನೋ ಗುರುತಾಗಿ ಹಿಡಿಯಬೇಡಿ, ನಾಳೆಗೆ ಅವು ಅಲ್ಲಿರುತ್ತವೆಂಬ ಖಾತ್ರಿಯಿಲ್ಲ.

ಜೊತೆಗೆ ಒಂದು ತೇಲುಗುರುತನ್ನೂ ಬಿಡಬೇಕು. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿ, ಹಗ್ಗ, ತುದಿಗೊಂದು ಭಾರ, ಇಷ್ಟು ಸಾಕು. ಹಗ್ಗ ನೀರಿನ ಆಳಕ್ಕಿಂತ ತುಸು ಮಾತ್ರ ಉದ್ದವಿರಲಿ. ಬಹಳ ಸಡಿಲವಾದರೆ ಬಾಟಲಿ ಗಾಳಿಗೆ ಸರಿದು ಗುರುತೇ ತಪ್ಪುತ್ತದೆ. ವಸ್ತು ಬಿದ್ದ ಜಾಗದ ಮೇಲೆಯೇ ಲಂಗರು ಬಿಡುವ ಆತುರ ಬೇಡ. ಲಂಗರು ತಳವನ್ನು ಕಲಕಿ, ಎಳೆದು, ಹುಡುಕಬೇಕಾದ ವಸ್ತುವನ್ನೇ ಹೂಳಿನಲ್ಲಿ ಹೂತುಬಿಡುತ್ತದೆ. ಗಾಳಿ ಅಥವಾ ಸೆಳೆತ ಬರುವ ದಿಕ್ಕಿಗೆ ಸ್ವಲ್ಪ ಮೇಲೆ ಹೋಗಿ ಲಂಗರು ಹಾಕಿ, ಹಗ್ಗವನ್ನು ಬಿಡುತ್ತಾ ಗುರುತಿನ ಬಳಿಗೆ ಇಳಿದು ಬರುವುದು ಸರಿಯಾದ ಕ್ರಮ.

ತೇಲುವ ವಸ್ತುವಾಗಿದ್ದರೆ

ಟೋಪಿ, ಚಪ್ಪಲಿ, ಗಾಳಿ ತುಂಬಿದ ಚೀಲ, ಹುಟ್ಟು ಇಂಥವುಗಳ ವಿಷಯ ಸುಲಭ. ಒಬ್ಬರು ಬೇರೇನೂ ಮಾಡದೆ ವಸ್ತುವಿನತ್ತ ಕೈತೋರಿಸುತ್ತಲೇ ಇರಬೇಕು, ಏಕೆಂದರೆ ಅಲೆಗಳ ನಡುವೆ ಒಮ್ಮೆ ಕಣ್ತಪ್ಪಿದರೆ ಮತ್ತೆ ಹುಡುಕುವುದು ಕಷ್ಟ. ದೋಣಿಯನ್ನು ದೊಡ್ಡದಾಗಿ ತಿರುಗಿಸಿ, ಗಾಳಿಗೆ ಎದುರಾಗಿ, ನಿಧಾನವಾಗಿ ವಸ್ತುವಿನ ಹತ್ತಿರ ಬನ್ನಿ. ಗಾಳಿಗೆ ಎದುರಾದಾಗ ದೋಣಿ ಬೇಗ ವೇಗ ಕಳೆದುಕೊಂಡು ನಿಮ್ಮ ಹಿಡಿತದಲ್ಲಿರುತ್ತದೆ. ಕೈಗೆಟುಕುವ ಮೊದಲೇ ಎಂಜಿನ್ ಅನ್ನು ನ್ಯೂಟ್ರಲ್‌ಗೆ ತಂದು, ಕೊಕ್ಕೆಕೋಲಿನಿಂದಲೋ ಮೀನು ಎತ್ತುವ ಕೈಬಲೆಯಿಂದಲೋ ಎತ್ತಿಕೊಳ್ಳಿ. ಹಗ್ಗವಿರುವ ವಸ್ತುವಾದರೆ ಅದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳದಂತೆ ಎಂಜಿನ್ನನ್ನು ಪೂರ್ತಿ ನಿಲ್ಲಿಸುವುದೇ ಕ್ಷೇಮ.

ಹುಡುಕುವ ಮೊದಲು

ಭಾರವಾದ ಕೀಲಿಗೊಂಚಲು ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ಚಪ್ಪಟೆಯಾದ ಫೋನು ಅತ್ತಿತ್ತ ಓಲಾಡುತ್ತಾ, ಉದುರುವ ಎಲೆಯಂತೆ ಪಕ್ಕಕ್ಕೆ ಜಾರುತ್ತಾ ಹೋಗಿ ತಳ ಸೇರುತ್ತದೆ. ಸೆಳೆತವಿದ್ದರೆ ಲೆಕ್ಕ ಇನ್ನೂ ಬದಲಾಗುತ್ತದೆ: ಸೆಕೆಂಡಿಗೆ ಅರ್ಧ ಮೀಟರ್ ಓಡುವ ನೀರಿನಲ್ಲಿ ತಳ ಮುಟ್ಟಲು 10 ಸೆಕೆಂಡು ತೆಗೆದುಕೊಂಡ ವಸ್ತು ಸುಮಾರು 5 ಮೀಟರ್ ಕೆಳಹರಿವಿನಲ್ಲಿ ಬಿದ್ದಿರುತ್ತದೆ. ಇದನ್ನು ಊಹೆಗೆ ಬಿಡದೆ ಪರೀಕ್ಷಿಸಲು ಒಂದು ಉಪಾಯವಿದೆ. ಕಳೆದುಹೋದ ವಸ್ತುವಿನಷ್ಟೇ ಗಾತ್ರ, ತೂಕಗಳ ಬೇರೊಂದು ವಸ್ತುವಿಗೆ ತೆಳ್ಳನೆಯ ಉದ್ದ ದಾರ ಕಟ್ಟಿ, ಅದೇ ಜಾಗದಿಂದ, ಅದೇ ಎತ್ತರದಿಂದ ನೀರಿಗೆ ಬಿಡಿ. ದಾರ ಸಡಿಲವಾಗಿ ಸುರುಳಿ ಬಿಚ್ಚುತ್ತಾ ಹೋಗಲಿ, ಎಲ್ಲಿಯೂ ತಡೆಯಬೇಡಿ. ಅದು ಓಡುವುದನ್ನು ನಿಲ್ಲಿಸಿದಾಗ ಮೆಲ್ಲಗೆ ಬಿಗಿಹಿಡಿದರೆ ದಾರದ ಓರೆ ಯಾವ ಕಡೆಗಿದೆ, ಎಷ್ಟಿದೆ ಎಂಬುದು ಕಾಣುತ್ತದೆ. ಹುಡುಕಾಟವನ್ನು ಅಲ್ಲಿಂದ ಶುರುಮಾಡಬೇಕು. ನೂರು ಸಲ ಕೊಕ್ಕೆ ಎಸೆಯುವುದಕ್ಕಿಂತ ಈ ಒಂದು ಪ್ರಯೋಗ ಹೆಚ್ಚು ಉಪಯುಕ್ತವೆಂದು ನನಗನಿಸುತ್ತದೆ.

ತಳ ಎಂಥದು ಎಂಬುದೂ ಮುಖ್ಯ. ದಾರಕ್ಕೆ ಕಟ್ಟಿದ ಭಾರವನ್ನು ಇಳಿಸಿ ನೋಡಿ: ಕಲ್ಲಿನ ಮೇಲೆ ಅದು ಟಕ್ಕೆಂದು ತಾಗುವುದು ಬೆರಳಿಗೆ ತಿಳಿಯುತ್ತದೆ, ಹೂಳಿನಲ್ಲಿ ಸದ್ದಿಲ್ಲದೆ ಇಳಿದು ಎಳೆಯುವಾಗ ಹೀರಿಕೊಂಡಂತೆ ತಡೆಯುತ್ತದೆ. ಮರಳಿನ ತಳದಲ್ಲಿ ಆಸೆ ಹೆಚ್ಚು, ದಪ್ಪ ಹೂಳಿನಲ್ಲಿ ಕಡಿಮೆ. ಕಲಕಿದ ನೀರಿನಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ, ಎಲ್ಲರೂ ಒಮ್ಮೆಲೇ ಕೋಲು ಹಾಕಿ ಕೆದಕುವುದಕ್ಕಿಂತ ಕಾಯುವುದು ಒಳ್ಳೆಯದು. ಉಬ್ಬರ ಇಳಿತಗಳಿರುವ ಕಡೆ ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಉಬ್ಬರ ಇಳಿತಗಳ ನಡುವೆ ನೀರಿನ ಓಟ ಸ್ವಲ್ಪ ಹೊತ್ತು ತಗ್ಗುತ್ತದೆ, ಮತ್ತು ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಇಳಿತದಲ್ಲಿ ಜೆಟ್ಟಿಯ ಬುಡ ತಾನಾಗಿಯೇ ಬಯಲಾಗಬಹುದು. ದೋಣಿ ಹತ್ತುವಾಗ, ಇಳಿಯುವಾಗ ಜೆಟ್ಟಿಯ ಪಕ್ಕದಲ್ಲಿ ಬಿದ್ದ ವಸ್ತುವಿಗೆ ಈ ಕಾಯುವಿಕೆಗಿಂತ ಒಳ್ಳೆಯ ಉಪಾಯ ಕಾಣೆ.

ಸಾಧನಗಳು

ಹಗ್ಗಕ್ಕೆ ಕಟ್ಟಿ ಇಳಿಸುವ ನಿಯೋಡಿಮಿಯಮ್ ಅಯಸ್ಕಾಂತ ಈಗ ಜನಪ್ರಿಯವಾಗಿದೆ, ಆದರೆ ಅದು ಏನನ್ನು ಹಿಡಿಯುವುದಿಲ್ಲ ಎಂಬುದು ಬಹಳ ಮಂದಿಗೆ ನೆನಪಿರುವುದಿಲ್ಲ. ಅದಕ್ಕೆ ಕಬ್ಬಿಣ ಮತ್ತು ಸಾಮಾನ್ಯ ಉಕ್ಕು ಅಂಟುತ್ತವೆ. ಚಿನ್ನ, ಬೆಳ್ಳಿ, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಅಂಟುವುದಿಲ್ಲ. 304, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಹೆಚ್ಚಿನ ಪಾಲು ಅಂಟುವುದಿಲ್ಲ, ಮತ್ತು ದೋಣಿಯ ಬಿಡಿಭಾಗಗಳು ಬಹುಪಾಲು ಆ ಲೋಹದವೇ. ಕೀಲಿಗಳೂ ಎಷ್ಟೋ ಸಲ ಹಿತ್ತಾಳೆಯವಾಗಿದ್ದು, ಗೊಂಚಲು ಮೇಲೆ ಬರುವುದು ಅವನ್ನು ಪೋಣಿಸಿದ ಉಕ್ಕಿನ ಬಳೆಯ ದೆಸೆಯಿಂದ. ಮದುವೆಯ ಉಂಗುರಕ್ಕಾಗಿ ಅಯಸ್ಕಾಂತ ಕೊಳ್ಳುವುದು ವ್ಯರ್ಥ.

ಅಯಸ್ಕಾಂತವನ್ನು ಎಸೆಯಬೇಡಿ. ನೇರವಾಗಿ ಇಳಿಸಿ, ತಳಕ್ಕೆ ತಾಗಿದ ಮೇಲೆ ಒಂದು ಗೇಣು ಮೇಲೆತ್ತಿ ಮತ್ತೆ ಇಳಿಸುತ್ತಾ, ಉಳುವ ಸಾಲುಗಳಂತೆ ಸಾಲಿನ ಪಕ್ಕ ಸಾಲು ಬರುವ ಹಾಗೆ ಜಾಗವನ್ನು ಮುಗಿಸಿ. ಹಗ್ಗಕ್ಕೆ ಮೀಟರಿಗೊಂದರಂತೆ ಗಂಟು ಹಾಕಿಕೊಂಡಿದ್ದರೆ ಆಳ ಕತ್ತಲಲ್ಲೂ ಕೈಗೆ ತಿಳಿಯುತ್ತದೆ. ಹಗ್ಗ ಭಾರವಾದಾಗ ಒಮ್ಮೆಲೇ ಜಗ್ಗಿದರೆ ಅಂಟಿದ್ದು ನೀರಿನ ಮಟ್ಟದಲ್ಲೇ ಕಳಚಿ ಬೀಳುತ್ತದೆ. ಮೆಲ್ಲಗೆ ಎತ್ತುತ್ತಾ, ಮೇಲ್ಮೈಗೆ ಬರುವ ಮೊದಲೇ ಕೆಳಗೆ ಕೈಬಲೆ ಹಿಡಿಯಬೇಕು. ದೊಡ್ಡ ಅಯಸ್ಕಾಂತಗಳು ಬೆರಳನ್ನು ಜಜ್ಜಬಲ್ಲವು, ದಿಕ್ಸೂಚಿಯನ್ನು ಕೆಡಿಸಬಲ್ಲವು, ಮತ್ತು ಪೇಸ್‌ಮೇಕರ್ ಇರುವವರು ಅವುಗಳ ಹತ್ತಿರ ಸುಳಿಯಬಾರದು. ಹಳೆಯ ಮದ್ದುಗುಂಡಿನಂಥದ್ದೇನಾದರೂ ಮೇಲೆ ಬಂದರೆ ಮುಟ್ಟದೆ, ದೂರ ಸರಿದು ಪೊಲೀಸರಿಗೆ ತಿಳಿಸಿ.

ಚೀಲ, ಮೀನುಗಾಳದ ಕೋಲು, ಬಲೆ, ಹಗ್ಗವಿರುವ ಲಂಗರು, ಇವಕ್ಕೆ ಹಗ್ಗದ ತುದಿಗೆ ಹಲವು ಕೊಕ್ಕೆಗಳಿರುವ ಪಾತಾಳಗರಡಿಯೇ ತಕ್ಕದ್ದು. ಹಗ್ಗವನ್ನು ಆಳದ ಮೂರರಷ್ಟಾದರೂ ಉದ್ದ ಬಿಟ್ಟು, ಕೊಕ್ಕೆಗಳು ತಳವನ್ನು ತಾಗಿಯೇ ಸಾಗುವಷ್ಟು ನಿಧಾನವಾಗಿ ಹುಟ್ಟು ಹಾಕುತ್ತಾ ಎಳೆಯಿರಿ. ಕಳೆದುಹೋದ ಹಗ್ಗ ಯಾವ ದಿಕ್ಕಿಗೆ ಚಾಚಿರಬಹುದೆಂದು ಯೋಚಿಸಿ ಅದಕ್ಕೆ ಅಡ್ಡವಾಗಿ ಎಳೆದರೆ ಸಿಕ್ಕುವ ಸಂಭವ ಹೆಚ್ಚು. ನೀರಿನಡಿಯ ಕೇಬಲ್ ಹಾದಿರುವ ಕಡೆ, ಹವಳ ಅಥವಾ ಕಡಲಹುಲ್ಲು ಬೆಳೆದಿರುವ ಕಡೆ ಇದನ್ನು ಬಳಸಲೇಬಾರದು.

ನೀರು ತಿಳಿಯಾಗಿದ್ದು ಆಳ ಕಡಿಮೆಯಿದ್ದರೆ ತಳಕ್ಕೆ ಗಾಜು ಕೂಡಿಸಿದ ಬಕೆಟ್ಟನ್ನು ನೀರಿಗೆ ಒತ್ತಿ ನೋಡಬಹುದು. ಮೇಲ್ಮೈಯ ಹೊಳಪೂ ಅಲೆಯೂ ಅಡ್ಡ ಬರುವುದಿಲ್ಲ. ಸೂರ್ಯ ನೆತ್ತಿಯ ಮೇಲಿರುವ ಹೊತ್ತನ್ನು ಆರಿಸಿಕೊಳ್ಳಿ. ಇನ್ನೂ ಆಳವಾದರೆ ಕೇಬಲಿನ ತುದಿಗೆ ದೀಪವಿರುವ ನೀರಿನ ಕ್ಯಾಮೆರಾ ಬೇಕು. ಮೀನು ಪತ್ತೆಮಾಡುವ ಸೋನಾರ್ ಉಪಕರಣದಿಂದ ಕೀಲಿ ಕಾಣುತ್ತದೆಂದು ನಿರೀಕ್ಷಿಸಬೇಡಿ. ಫೋನಿಗೋ ಚೀಲಕ್ಕೋ ಸಿಕ್ಕಿಸಿದ ಬ್ಲೂಟೂತ್ ಬಿಲ್ಲೆಯೂ ನೀರಿನಡಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಆ ರೇಡಿಯೋ ತರಂಗಗಳನ್ನು ನೀರು ಹೀರಿಬಿಡುತ್ತದೆ.

ನೀರಿಗಿಳಿಯುವುದಾದರೆ

ಎದೆಮಟ್ಟದ ನಿಂತ ನೀರನ್ನು ಬಿಟ್ಟರೆ ಉಳಿದದ್ದೆಲ್ಲ ತರಬೇತಿ ಪಡೆದ ಡೈವರುಗಳ ಕೆಲಸ. ಉಸಿರು ಬಿಗಿಹಿಡಿದು ಮುಳುಗುವವರು ಹೆಚ್ಚು ಹೊತ್ತು ಇರಬಹುದೆಂದು ಮೊದಲೇ ಜೋರಾಗಿ ಹಲವು ಸಲ ಉಸಿರಾಡಿಕೊಳ್ಳುತ್ತಾರೆ. ಇದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆನ್ನುವ ಎಚ್ಚರಿಕೆ ಬರುವ ಮುನ್ನವೇ ಪ್ರಜ್ಞೆ ತಪ್ಪಬಹುದು. ಒಬ್ಬರೇ ಇಳಿಯುವುದು ಯಾವ ವಸ್ತುವಿನ ಬೆಲೆಗೂ ಸಲ್ಲದ ಸಾಹಸ. ಡೈವರುಗಳು ಸಾಮಾನ್ಯವಾಗಿ ಗುರುತಿನ ಭಾರಕ್ಕೆ ಹಗ್ಗ ಕಟ್ಟಿ, ಅದರ ಸುತ್ತ ವೃತ್ತಾಕಾರದಲ್ಲಿ ಹುಡುಕುತ್ತಾ, ಪ್ರತಿ ಸುತ್ತಿಗೂ ಹಗ್ಗವನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾರೆ; ನೀವು ಕೊಡುವ ಗುರುತು ಸರಿಯಾಗಿದ್ದಷ್ಟೂ ಅವರ ಸುತ್ತುಗಳು ಕಡಿಮೆಯಾಗುತ್ತವೆ. ಉಂಗುರಕ್ಕೆ ನೀರಿನಲ್ಲಿ ಬಳಸುವ ಲೋಹಶೋಧಕವನ್ನು ಹೊಂದಿರುವವರನ್ನೇ ಕರೆಯಿರಿ. ಅಣೆಕಟ್ಟಿನ ತೂಬು, ನೀರೆತ್ತುವ ಕೊಳವೆ, ಹಡಗುಗಳ ದಾರಿ, ಇವುಗಳ ಹತ್ತಿರವಾದರೆ ಮೊದಲು ಅಲ್ಲಿನ ಆಡಳಿತದವರ ಒಪ್ಪಿಗೆ ಬೇಕು.

ಮೇಲೆ ಬಂದ ನಂತರ

ಫೋನು ಸಿಕ್ಕಿದರೆ ಆನ್ ಮಾಡಿ ನೋಡುವ, ಚಾರ್ಜಿಗೆ ಹಾಕುವ ಆಸೆಯನ್ನು ಅದುಮಿಕೊಳ್ಳಿ. ನೀರನ್ನು ತಡೆಯುವ ದರ್ಜೆಯಾದ ಐಪಿ 68 ಎಂದು ಬರೆದಿದ್ದರೂ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ತಯಾರಕರು ಹೇಳಿದ ಆಳ ಮತ್ತು ಅವಧಿಗೆ ಮಾತ್ರ. ಉಪ್ಪುನೀರಿನಿಂದ ಬಂದಿದ್ದರೆ ಸಿಹಿನೀರಿನಲ್ಲಿ ಜಾಲಿಸಿ, ಸಿಮ್ ತೆಗೆದು, ಗಾಳಿಯಾಡುವ ಕಡೆ ಒಣಗಲು ಬಿಡಿ; ಬ್ಯಾಟರಿ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ್ದರಿಂದ ಸುತ್ತ ಬಟ್ಟೆ, ಕಾಗದ ಇರದಿರಲಿ. ಅಕ್ಕಿಯಲ್ಲಿ ಹೂತಿಡುವುದರಿಂದ ಕಣಗಳು ಒಳಸೇರಬಹುದೆಂದು ಆ್ಯಪಲ್ ಕಂಪನಿಯೇ ತನ್ನ ಬಳಕೆದಾರರಿಗೆ ಬೇಡವೆಂದಿದೆ. ಕ್ಯಾಮೆರಾ ಕೆಟ್ಟರೂ ಮೆಮೊರಿ ಕಾರ್ಡು ಉಳಿದಿರುವುದುಂಟು, ತೊಳೆದು ಪೂರ್ತಿ ಒಣಗಿಸಿ ನೋಡಿ.

ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನೇ ಕಳಚಿ ಬಿದ್ದಿದ್ದರೆ ಲೆಕ್ಕ ಬೇರೆ. ಓಡುತ್ತಿರುವಾಗ ಮುಳುಗಿದ ಎಂಜಿನ್ನಿನ ಸಿಲಿಂಡರಿಗೆ ನೀರು ನುಗ್ಗಿ, ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಅದನ್ನು ಎಳೆದು ಸ್ಟಾರ್ಟ್ ಮಾಡಲು ಹೋಗಬಾರದು. ತುಕ್ಕು ವೇಗವಾಗಿ ಹಿಡಿಯುವುದು ನೀರಿನಿಂದ ಎತ್ತಿ ಗಾಳಿ ತಾಗಿದ ಮೇಲೆ. ಆದ್ದರಿಂದ ಮೆಕ್ಯಾನಿಕ್ ಕೆಲವೇ ಗಂಟೆಗಳಲ್ಲಿ ಸಿಗುವಂತಿಲ್ಲದಿದ್ದರೆ ಎಂಜಿನ್ನನ್ನು ಸಿಹಿನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿಯೇ ಇಡುವುದು ಉತ್ತಮ. ಇಂಧನದ ತೊಟ್ಟಿಯೋ ದೊಡ್ಡ ಬ್ಯಾಟರಿಯೋ ನೀರಿನಲ್ಲೇ ಉಳಿದುಹೋದರೆ ಬಂದರಿನ ಅಥವಾ ಜಲಾಶಯದ ಕಚೇರಿಗೆ ತಿಳಿಸಬೇಕು. ಫೋನು, ಪರ್ಸು ಸಿಗುವ ಸೂಚನೆಯಿಲ್ಲದಿದ್ದರೆ ಹುಡುಕಾಟ ಮುಗಿಯಲೆಂದು ಕಾಯದೆ ಅದೇ ದಿನ ಸಿಮ್ಮನ್ನೂ ಬ್ಯಾಂಕ್ ಕಾರ್ಡುಗಳನ್ನೂ ತಡೆಹಿಡಿಸಿ.

ಮುಂದಿನ ಸಲಕ್ಕೆ ಕೀಲಿಗೆ ತೇಲುಬೆಂಡು ಕಟ್ಟುವವರು ಅದನ್ನು ಕೊಂಡಕೂಡಲೇ ನಂಬಬಾರದು. ಎಲ್ಲ ಕೀಲಿಗಳನ್ನೂ ಪೋಣಿಸಿ ಬಕೆಟ್ಟಿನ ನೀರಿಗೆ ಹಾಕಿ ನೋಡಿ. ಒಂದೇ ಕೀಲಿಯನ್ನು ತೇಲಿಸುವ ಬೆಂಡು ನಾಲ್ಕು ಕೀಲಿಗಳ ಗೊಂಚಲಿನ ಜೊತೆ ತಾನೂ ಮುಳುಗಬಹುದು. ಮುಳುಗಿದರೆ ಇನ್ನೊಂದು ಬೆಂಡು ಸೇರಿಸಿ, ಇಲ್ಲವೇ ಆ ದಿನ ಬೇಡದ ಕೀಲಿಗಳನ್ನು ಬಿಚ್ಚಿ ದಡದಲ್ಲೇ ಬಿಟ್ಟು ಹೋಗಿ.