ಹೊಸ ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿ: ಮೊದಲ ವಾರಗಳಲ್ಲಿ ಗಮನಿಸಬೇಕಾದ್ದು

ಪ್ಲಗ್-ಇನ್ ಹೈಬ್ರಿಡ್ ಎಂದರೆ ಸಾಕೆಟ್‌ನಿಂದ ಚಾರ್ಜ್ ಮಾಡುವ ಬ್ಯಾಟರಿ, ಪೆಟ್ರೋಲ್ ಎಂಜಿನ್ ಎರಡೂ ಇರುವ ಗಾಡಿ. ಮೊದಲ ಚಾರ್ಜಿಂಗ್‌ಗೂ ಮುನ್ನ ಗೋಡೆಯ ಸಾಕೆಟ್ ಪರೀಕ್ಷಿಸಿ. 18 ಕಿಲೋವ್ಯಾಟ್-ಅವರ್ ಬ್ಯಾಟರಿ 230 ವೋಲ್ಟ್, 10 ಆಂಪಿಯರ್‌ನಲ್ಲಿ ತುಂಬಲು ಸುಮಾರು 9 ಗಂಟೆ ಬೇಕು. ಅಷ್ಟು ಹೊತ್ತು ಒಂದೇ ಸಮ ಕರೆಂಟ್ ಹರಿದರೆ ಸಡಿಲವಾದ ವೈರು, ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಷನ್ ಕೇಬಲ್ ಕಾದು ಕರಗಬಹುದು. ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ: ಉಗುರು ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇದರಲ್ಲಿ ಉದಾಸೀನ ಬೇಡವೇ ಬೇಡ.

ಹೊರಡುವ ಮುನ್ನ, ಪ್ಲಗ್ ತೆಗೆಯದೆಯೇ ಎಸಿ ಹಾಕಿ, ಬ್ಯಾಟರಿ ಉಳಿಯುತ್ತದೆ. ಹೆದ್ದಾರಿಯಲ್ಲಿ ಹೋಲ್ಡ್ ಮೋಡ್ (ಮುಖ್ಯವಾಗಿ ಎಂಜಿನ್‌ನಿಂದ ಓಡಿಸುವ ಸೆಟ್ಟಿಂಗ್) ಇಟ್ಟು ಚಾರ್ಜನ್ನು ಊರೊಳಗಿನ ಓಡಾಟಕ್ಕೆ ಕಾಪಾಡಿಕೊಳ್ಳಿ.

ಕರೆಂಟಿನಲ್ಲಿ ಓಡುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಎಂಜಿನ್ ಚಾಲೂ ಆಗಿ, ತಣ್ಣಗಿದ್ದ ಅದರ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ. ಆಯಿಲ್ ಬಿಸಿಯಾಗುವವರೆಗೆ ಕಾಲು ಹಗುರವಾಗಿರಲಿ. ಹೆಚ್ಚಾಗಿ ಕರೆಂಟಿನಲ್ಲೇ ಓಡಿಸುವವರು ಟ್ಯಾಂಕ್ ಪೂರ್ತಿ ತುಂಬಿಸಿಡಬೇಡಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕೆಡುತ್ತದೆ.