ಟೂಲ್ ಸ್ಟೋರ್ ಕೀ ಯಾರ ಹತ್ತಿರ ಇದೆ? ತಂಡದ ಕೈಗೆ ಕೆಲಸ ಬಿಟ್ಟುಕೊಡುವ ಕ್ರಮ

"ಇನ್ಮೇಲೆ ಎಲ್ಲಾ ನಿಮ್ಮದೇ ಜವಾಬ್ದಾರಿ" ಅಂತ ಮೀಟಿಂಗಲ್ಲಿ ಹೇಳಿ, ಮಾರನೇ ದಿನ ಎರಡು ಇನ್‌ಸರ್ಟ್ (ಲೋಹ ಕತ್ತರಿಸುವ, ಸವೆದರೆ ಬದಲಾಯಿಸುವ ಸಣ್ಣ ಬಿಲ್ಲೆ) ಬೇಕಾದರೂ ಮ್ಯಾನೇಜರ್ ಸಹಿ ತನ್ನಿ ಅನ್ನುವ ಕಂಪನಿಗಳಿಗೆ ಪೀಣ್ಯದಲ್ಲಿ ಬರವಿಲ್ಲ. ಅಂಥ ಕಡೆ ತಂಡಕ್ಕೆ ಸಿಕ್ಕಿರುವುದು ಬೈಗುಳ ಮಾತ್ರ. ಅಧಿಕಾರ ಇನ್ನೂ ಕ್ಯಾಬಿನ್ನಿನಲ್ಲೇ ಇರುತ್ತದೆ.

ನಾನು ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ಗಳು, ವಿಎಂಸಿ ಮಿಲ್ಲಿಂಗ್ ಮಷಿನ್‌ಗಳು, ಮೂರು ಶಿಫ್ಟು, ಮಾಡುವುದು ಗಾಡಿಗಳ ಪಾರ್ಟು. ಇಲ್ಲಿ ಹೇಳುವುದು ನಮ್ಮ ಫ್ಲೋರಿನ ಲೆಕ್ಕ. ಸಾಫ್ಟ್‌ವೇರ್‌ನವರೂ ತಮಗೆ ಬೇಕಾದಷ್ಟು ಆರಿಸಿಕೊಳ್ಳಬಹುದು.

ಮೊದಲು ಒಂದು ವಾರ ಏನನ್ನೂ ಬದಲಾಯಿಸಬೇಡಿ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ನಿಮ್ಮ ಹತ್ತಿರ ಬರುವ ಪ್ರತಿಯೊಂದು ಪ್ರಶ್ನೆ ಬರೆದುಕೊಳ್ಳಿ. "ಮೇಡಂ, ಯಾವ ಜಾಬ್ ಮೊದಲು ಹಾಕೋದು?" "ಮೇಡಂ, ಕೂಲೆಂಟ್ ವಾಸನೆ ಬರ್ತಿದೆ, ಬದಲಾಯಿಸಲಾ?" "ಮೇಡಂ, ಇವನು ನಾಳೆ ರಜಾ ಕೇಳ್ತಿದಾನೆ." ವಾರದ ಕೊನೆಗೆ ಕೂತು ನೋಡಿದರೆ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಕೇಳಿದವನಿಗೇ ಗೊತ್ತಿರುತ್ತದೆ. ಅವನಿಗೆ ಬೇಕಾಗಿದ್ದು ನಿಮ್ಮ ತಲೆಯಾಡಿಸುವಿಕೆ ಅಷ್ಟೆ. ಬಿಟ್ಟುಕೊಡುವುದನ್ನು ಇವುಗಳಿಂದಲೇ ಶುರುಮಾಡಿ. ಮಾಹಿತಿ ನಿಮ್ಮ ಹತ್ತಿರ ಮಾತ್ರ ಇರುವ ಪ್ರಶ್ನೆಗಳಿದ್ದರೆ, ಉದಾಹರಣೆಗೆ ಡಿಸ್ಪ್ಯಾಚ್ ಯಾವತ್ತು ಅನ್ನುವಂಥವು, ಮೊದಲು ಆ ಮಾಹಿತಿಯನ್ನು ಗೋಡೆಗೆ ಹಾಕಿ. ನಿರ್ಧಾರ ಬಿಟ್ಟುಕೊಡುವುದು ಅದಾದ ಮೇಲಿನ ಮಾತು.

ಬಿಟ್ಟುಕೊಡಬಾರದ್ದೂ ಇದೆ. ಬಾಗಿಲು ತೆರೆದರೆ ಮಷಿನ್ ನಿಲ್ಲಿಸುವ ಇಂಟರ್‌ಲಾಕ್ ತೆಗೆಯೋದಾ ಬೇಡವಾ ಅನ್ನುವುದು ಯಾವ ತಂಡದ ವೋಟಿಗೂ ಬರುವ ವಿಷಯವಲ್ಲ. ಡ್ರಾಯಿಂಗಿನ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ), ಶಿಸ್ತು ಕ್ರಮ, ಓಟಿಯ ಮಿತಿ, ಅದಕ್ಕೆ ಕಾನೂನಿನಂತೆ ಕೊಡಬೇಕಾದ ಎರಡು ಪಟ್ಟು ಸಂಬಳ, ಇವೂ ಅಷ್ಟೇ. ಹಾರ್ವರ್ಡಿನಲ್ಲಿ ತಂಡಗಳ ಬಗ್ಗೆ ಕೆಲಸ ಮಾಡಿದ ರಿಚರ್ಡ್ ಹ್ಯಾಕ್‌ಮನ್ ಅಧಿಕಾರವನ್ನು ನಾಲ್ಕು ಭಾಗ ಮಾಡುತ್ತಿದ್ದರು: ಕೆಲಸ ಮಾಡುವುದು, ಆ ಕೆಲಸದ ಮೇಲೆ ಕಣ್ಣಿಟ್ಟು ಸರಿಪಡಿಸಿಕೊಳ್ಳುವುದು, ತಂಡವನ್ನು ಕಟ್ಟುವುದು, ಗುರಿ ಇಡುವುದು. ತನ್ನನ್ನು ತಾನೇ ನಡೆಸಿಕೊಳ್ಳುವ ತಂಡದ ಕೈಯಲ್ಲಿ ಇರಬೇಕಾದದ್ದು ಇವುಗಳಲ್ಲಿ ಮೊದಲಿನ ಎರಡು. ಹಾಗಾಗಿ ಯಾವ ಪಾರ್ಟು, ಎಷ್ಟು, ಯಾವ ತಾರೀಕಿಗೆ ಅನ್ನುವುದನ್ನು ನೀವು ಗಟ್ಟಿಯಾಗಿ ಹೇಳಲೇಬೇಕು. ಹೇಗೆ ಮಾಡೋದು ಅನ್ನುವಾಗ ಬಾಯಿಗೆ ಬೀಗ. ನಮ್ಮಲ್ಲಿ ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಟಾರ್ಗೆಟ್ ವಿಷಯದಲ್ಲಿ "ನೋಡ್ಕೊಂಡು ಮಾಡಿ" ಅಂತಾರೆ, ಟೂಲ್ ಹಿಡಿಯುವ ವಿಷಯದಲ್ಲಿ ಹೆಗಲ ಮೇಲೆ ಬಂದು ನಿಲ್ಲುತ್ತಾರೆ.

ಈಗ ಒಂದು ನಿರ್ಧಾರ ಹೇಗೆ ಕೈ ಬದಲಾಗುತ್ತದೆ ಅಂತ ಹತ್ತಿರದಿಂದ ನೋಡಿ. ಬೋರಿಂಗ್ ಮಾಡುವಾಗ, ಅಂದರೆ ಪಾರ್ಟಿನ ತೂತನ್ನು ಅಳತೆಗೆ ಕೊರೆಯುವಾಗ, ಇನ್‌ಸರ್ಟ್ ಸವೆದ ಹಾಗೆ ಬೋರ್ (ಆ ತೂತು) ಚಿಕ್ಕದಾಗುತ್ತಾ ಬರುತ್ತದೆ. ಆಪರೇಟರ್ ಕೆಲವು ಮೈಕ್ರಾನ್ ಆಫ್‌ಸೆಟ್ ಕೊಟ್ಟರೆ, ಅಂದರೆ ಟೂಲಿನ ಜಾಗವನ್ನು ಅಷ್ಟು ಸರಿಸಿದರೆ, ಮುಗಿಯಿತು. ಆದರೆ ಬಹಳ ಶಾಪುಗಳಲ್ಲಿ ಆಫ್‌ಸೆಟ್ ಮುಟ್ಟಲು ಸೆಟ್ಟರ್ (ಮಷಿನ್ ಹೊಂದಿಸಿಕೊಡುವವನು) ಬರಬೇಕು, ಸೆಟ್ಟರ್ ಟೀಗೆ ಹೋಗಿದ್ದರೆ ಕಾಯಬೇಕು. ನಾವು ಪ್ರತಿ ಮಷಿನ್ ಪಕ್ಕ ಒಂದು ಚಾರ್ಟ್ ಹಾಕಿದ್ದೇವೆ. ಟಾಲರೆನ್ಸಿನ ನಡುವಿನ ಅರ್ಧ ಹಸಿರು, ಎರಡೂ ಬದಿಯ ಕಾಲುಕಾಲು ಭಾಗ ಹಳದಿ, ಅದರಾಚೆ ಕೆಂಪು. ಬೋರ್ ಗೇಜಿನ ಅಳತೆ ಹಸಿರಿನಲ್ಲಿದ್ದರೆ ಮುಟ್ಟಬೇಡ. ಹಳದಿಗೆ ಬಂದರೆ ಇನ್ನೊಂದು ಪೀಸ್ ಅಳತೆ ಮಾಡು, ಅದೂ ಅದೇ ಬದಿಯ ಹಳದಿಯಲ್ಲಿದ್ದರೆ ನೀನೇ ಆಫ್‌ಸೆಟ್ ಕೊಡು. ಕೆಂಪಿಗೆ ಹೋದರೆ ಮಷಿನ್ ನಿಲ್ಲಿಸಿ ಎಲ್ಲರನ್ನೂ ಕರಿ. ಇದಕ್ಕೆ ಪ್ರೀ-ಕಂಟ್ರೋಲ್ ಅಂತ ಹೆಸರಿದೆ, ಹಳೇ ಪದ್ಧತಿ. ಒಡಿಶಾದಿಂದ ಬಂದ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ, ಬಣ್ಣ ಯಾರಿಗಾದರೂ ಗೊತ್ತಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಆಫ್‌ಸೆಟ್ ಕೊಡುವವನಿಗೆ ಇನ್‌ಸರ್ಟ್ ಬದಲಾಯಿಸುವ ಅಧಿಕಾರವೂ ಬೇಕು, ಇನ್‌ಸರ್ಟ್‌ಗೆ ಟೂಲ್ ಸ್ಟೋರ್ ಕೀ ಬೇಕು. ಕೀ ಕೊಡಿ. ಜೊತೆಗೆ ತಿಂಗಳಿಗೆ ಇಷ್ಟು ಅಂತ ಖರ್ಚಿನ ಮಿತಿಯನ್ನೂ, ಒಂದು ಇನ್‌ಸರ್ಟ್ ಬೆಲೆ ಎಷ್ಟು ಅನ್ನುವುದನ್ನೂ ಹೇಳಿ. "ರೇಟ್ ಗೊತ್ತಾದ್ರೆ ತಲೆ ತಿಂತಾರೆ" ಅಂತ ಅಕೌಂಟ್ಸ್‌ನವರು ಗೊಣಗುತ್ತಾರೆ. ಗೊಣಗಲಿ. ಬೆಲೆ ಗೊತ್ತಿರುವವನು ಇನ್‌ಸರ್ಟಿನ ಎಲ್ಲಾ ಮೂಲೆ ಬಳಸಿಯೇ ಬಿಸಾಡುತ್ತಾನೆ.

ಕೆಲಸವನ್ನು ತಂಡಕ್ಕೆ ಹಂಚುವುದು ಹೇಗೆ ಅನ್ನುವುದಕ್ಕೆ ನಮ್ಮ ದೇಶದ್ದೇ ಹಳೇ ಪಾಠ ಇದೆ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದರು. ಆಟೋಮ್ಯಾಟಿಕ್ ಮಗ್ಗ ತಂದಿದ್ದರೂ ಉತ್ಪಾದನೆ ಏರಿರಲಿಲ್ಲ. ನೇಯುವವನು ಇಷ್ಟು ಮಗ್ಗಕ್ಕೆ, ಎಣ್ಣೆ ಬಿಡುವವನು ಬೇರೆಯೇ ಅಷ್ಟು ಮಗ್ಗಕ್ಕೆ, ದಾರ ಕಟ್ಟುವವನು ಇನ್ನೆಷ್ಟಕ್ಕೋ. ಯಾರಿಗೆ ಯಾರು ಜೊತೆಗಾರ ಅಂತಲೇ ಗೊತ್ತಾಗದ ಹಂಚಿಕೆ. ಒಂದು ಗುಂಪಿಗೆ ಒಂದಿಷ್ಟು ಮಗ್ಗ ಪೂರ್ತಿ ಒಪ್ಪಿಸಬಹುದು ಎಂಬ ಮಾತು ಬಂದಾಗ ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ನೀವೂ ಹಾಗೇ ಮಾಡಿ: ಕಚ್ಚಾ ಮಾಲಿನಿಂದ ಪ್ಯಾಕಿಂಗ್‌ವರೆಗೆ ಒಂದು ಪಾರ್ಟನ್ನು ಒಂದೇ ತಂಡಕ್ಕೆ ಕೊಡಿ. ಲೇತಿನವರು ಬೇರೆ, ಡ್ರಿಲ್ಲಿಂಗ್‌ನವರು ಬೇರೆ, ಇನ್‌ಸ್ಪೆಕ್ಷನ್‌ನವರು ಬೇರೆ ಅಂತ ಇರುವ ತನಕ ರಿಜೆಕ್ಷನ್ ಅನ್ನುವುದು ಸದಾ ಪಕ್ಕದವನ ತಪ್ಪು.

1970ರಲ್ಲಿ ಟ್ಯಾವಿಸ್ಟಾಕಿನವರೇ ಆದ ಎರಿಕ್ ಮಿಲ್ಲರ್ ಅದೇ ಮಿಲ್ಲಿಗೆ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಬಹುಮಟ್ಟಿಗೆ ಉಳಿದಿತ್ತು, ಬೇರೆ ಕಡೆ ಸವೆದಿತ್ತು. ನಮ್ಮಂಥ ಶಾಪುಗಳಲ್ಲಿ ಸವೆತ ಶುರುವಾಗುವುದು ಅರ್ಜೆಂಟ್ ಆರ್ಡರಿನಿಂದ. ಓನರ್ ನೇರವಾಗಿ ಆಪರೇಟರ್ ಫೋನಿಗೆ ಕರೆ ಮಾಡಿ "ಅದು ತೆಗೆದು ಇದು ಹಾಕು" ಅಂದರೆ, ತಂಡ ಬೆಳಿಗ್ಗೆ ಮಾಡಿಕೊಂಡ ಪ್ಲಾನಿಗೆ ಮೂರು ಕಾಸಿನ ಬೆಲೆ ಇಲ್ಲ. ಇದನ್ನು ತಡೆಯುವುದು ನಿಮ್ಮ ಕೆಲಸ, ತಂಡದ್ದಲ್ಲ. ಅರ್ಜೆಂಟ್ ಏನಿದ್ದರೂ ನಿಮ್ಮ ಮೂಲಕ ಬೋರ್ಡಿಗೆ ಬರಲಿ, ಅದಕ್ಕೆ ಯಾವ ಜಾಬ್ ಹಿಂದೆ ಸರಿಯುತ್ತದೆ ಅನ್ನುವುದನ್ನು ಓನರ್ ಒಪ್ಪಿ ಹೇಳಲಿ, ಹೇಗೆ ಹೊಂದಿಸುವುದು ಅಂತ ತಂಡ ನೋಡಿಕೊಳ್ಳಲಿ. ಓನರ್‌ಗೆ ಇದನ್ನು ಒಪ್ಪಿಸುವುದು ಇಡೀ ಕೆಲಸದಲ್ಲೇ ಕಷ್ಟದ ಭಾಗ. ಶಾಪ್ ಫ್ಲೋರಿನಲ್ಲಿ ಮಾತಾಡಬೇಡಿ, ಡಿಸ್ಪ್ಯಾಚ್ ಲೆಕ್ಕ ಹಿಡಿದುಕೊಂಡು ಅವರ ರೂಮಿಗೆ ಹೋಗಿ.

ಪ್ರಶ್ನೆ ಬಂದಾಗ "ನೀನೇನು ಮಾಡಬೇಕು ಅಂತೀಯ?" ಅಂತ ತಿರುಗಿ ಕೇಳಿ ಅಂತ ಎಲ್ಲ ಟ್ರೈನಿಂಗಿನಲ್ಲೂ ಹೇಳುತ್ತಾರೆ. ಒಳ್ಳೆಯದೇ, ಆದರೆ ಎಲ್ಲದಕ್ಕೂ ಅಲ್ಲ. ಫ್ಯೂಸ್ ಎಲ್ಲಿದೆ ಅಂತ ಕೇಳಿದವನಿಗೆ ಫ್ಯೂಸ್ ತೋರಿಸಿ, ಉಪದೇಶ ಬೇಡ.

ರಜೆಯ ಪಟ್ಟಿಯನ್ನು ಬೇಗನೇ ಕೊಟ್ಟುಬಿಡಿ. ಮ್ಯಾನೇಜರ್ ಬಿಡಿಸಲಾಗದ ಗಂಟನ್ನು ತಂಡ ಸಲೀಸಾಗಿ ಬಿಡಿಸುತ್ತದೆ. ನಮ್ಮಲ್ಲಿ ಬಿಹಾರದ ಹುಡುಗರಿಗೆ ದೀಪಾವಳಿಯಾದ ಮೇಲೆ ಛಠ್ ಪೂಜೆಗೆ ಊರಿಗೆ ಹೋಗಬೇಕು, ತುಮಕೂರು-ಹಾಸನದವರಿಗೆ ಯುಗಾದಿ, ಗೌರಿ-ಗಣೇಶ, ಊರ ಜಾತ್ರೆ. ಅವರವರೇ ಕೂತು ಛಠ್ ವಾರದ ನೈಟ್ ಶಿಫ್ಟನ್ನು ಇವರು, ಯುಗಾದಿ ವಾರದ್ದನ್ನು ಅವರು ಅಂತ ಹಂಚಿಕೊಂಡರು. "ನೈಟ್ ನಾನು ನೋಡ್ಕೋತೀನಿ ಅಣ್ಣ, ನೀವು ಜಾತ್ರೆ ಮುಗಿಸ್ಕೊಂಡು ಬನ್ನಿ" ಅನ್ನುವ ಮಾತನ್ನು ಎಚ್‌ಆರ್ ಸರ್ಕ್ಯುಲರ್ ಹುಟ್ಟಿಸಲಾರದು. ನಾಲ್ಕು ಜನಕ್ಕಿಂತ ಕಡಿಮೆ ಆಗಬಾರದು, ಒಬ್ಬ ಸೆಟ್ಟರ್ ಇರಲೇಬೇಕು ಅಂತ ಎರಡು ನಿಯಮ ನೀವು ಹಾಕಿದರೆ ಸಾಕು.

ಇನ್ಸೆಂಟಿವ್ ಒಬ್ಬೊಬ್ಬರಿಗೆ ಪೀಸ್ ಲೆಕ್ಕದಲ್ಲಿ ಇದ್ದರೆ ಇದ್ಯಾವುದೂ ನಡೆಯುವುದಿಲ್ಲ. ಸರಿಯಾದ ಪೀಸಿಗೆ ಮಾತ್ರ, ಇಡೀ ತಂಡಕ್ಕೆ ಕೊಡಿ.

ಕೊನೆಗೆ ಸೂಪರ್‌ವೈಸರ್. ಹದಿನೈದು ವರ್ಷ "ಏಯ್, ಅದು ಹಾಕು" ಅಂದವರ ಕೈಯಿಂದ ಕೀ ಹೋದಾಗ ಅವರು ಸುಮ್ಮನಿರುವುದಿಲ್ಲ, ಇರಬೇಕು ಅಂತ ಕೇಳುವುದೂ ಅನ್ಯಾಯ. ತಂಡಕ್ಕೆ ಹೇಳುವ ಮೊದಲೇ ಅವರನ್ನು ಕೂರಿಸಿ ಹೊಸ ಕೆಲಸ ಹೇಳಿ: ಹೊಸಬರಿಗೆ ಗೇಜ್ ಹಿಡಿಯುವುದು ಕಲಿಸುವುದು, ಫಿಕ್ಸ್ಚರ್ (ಪಾರ್ಟನ್ನು ಹಿಡಿದಿಡುವ ಸಾಧನ) ಸುಧಾರಿಸುವುದು, ಪದೇಪದೇ ಬರುವ ರಿಜೆಕ್ಷನ್ನಿನ ಬೇರು ಹುಡುಕುವುದು. ಸಂಬಳ, ಗ್ರೇಡ್ ಕಡಿಮೆಯಾಗುವುದಿಲ್ಲ ಅಂತ ಲೆಟರಿನಲ್ಲಿ ಬರೆದುಕೊಡಿ. ಬಾಯಿಮಾತಿನ ಭರವಸೆ ಓನರ್ ಬದಲಾದ ದಿನ ನಿಲ್ಲುವುದಿಲ್ಲ, ಇದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.