ಹೊಳಪಿಗೆ ಕಾರಣ ಬೇರೆಯೇ ಇತ್ತು

ಆರ್‌ಬಿಪಿ4 ಅಂದರೆ ರಕ್ತದಲ್ಲಿ ವಿಟಮಿನ್ ಎ, ಅಂದರೆ ರೆಟಿನಾಲ್ ಹೊತ್ತು ತಿರುಗುವ ಪ್ರೋಟೀನ್. ತೂಕ ಸುಮಾರು 21 ಕಿಲೋಡಾಲ್ಟನ್, ಒಂದು ಪ್ರೋಟೀನಿಗೆ ಒಂದೇ ರೆಟಿನಾಲ್. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಆರ್‌ಬಿಪಿ4 ತರಿಸಿ, ಅದಕ್ಕೆ ರೆಟಿನಾಲ್ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, 330 ನ್ಯಾನೋಮೀಟರ್ ಬೆಳಕು ಬಿಟ್ಟು 460ರ ಹತ್ತಿರ ಹೊಳಪು ಅಳೆಯುತ್ತಿದ್ದೆ. 2 ಮೈಕ್ರೋಮೋಲಾರ್ ಪ್ರೋಟೀನ್ ಇದ್ದರೆ ರೆಟಿನಾಲ್ 2ರ ಆಸುಪಾಸಿಗೆ ಬಂದಾಗ ಹೊಳಪಿನ ಗೆರೆ ಮಟ್ಟಸವಾಗಬೇಕು, ಅಲ್ವಾ? ನನ್ನದು ಏರುತ್ತಲೇ ಹೋಯಿತು.

ಮೊದಲು ಬೈದದ್ದು ರೆಟಿನಾಲನ್ನೇ. ಅದು ಬೆಳಕಿಗೂ ಗಾಳಿಗೂ ಬೇಗ ಕೆಡುತ್ತದೆ. ಎಥನಾಲಿನಲ್ಲಿ ಹೊಸದಾಗಿ ಕರಗಿಸಿದೆ, ಟ್ಯೂಬಿಗೆ ಫಾಯಿಲ್ ಸುತ್ತಿದೆ, 325 ನ್ಯಾನೋಮೀಟರಿನ ಬೆಳಕು ಎಷ್ಟು ಹೀರುತ್ತದೆ ಅಂತ ಅಳೆದು ಪ್ರಮಾಣ ನೋಡಿದೆ. ಎಲ್ಲ ಸರಿಯಿತ್ತು. ಎರಡು ವಾರ ಸುಮ್ನೆ ಹೋಯಿತು.

ಕೊನೆಗೆ ಆರ್‌ಬಿಪಿ4 ಹಾಕದೆ ಬರೀ ಬಫರಿಗೆ, ಅಂದರೆ ಪ್ರೋಟೀನ್ ಕರಗಿಸಿಡುವ ದ್ರಾವಣಕ್ಕೆ, ರೆಟಿನಾಲ್ ಬಿಟ್ಟೆ (ಇದನ್ನು ಮೊದಲ ದಿನವೇ ಮಾಡಬೇಕಿತ್ತು, ನಾಚಿಕೆ). ಅದೂ ಹೊಳೆಯಿತು! ಪ್ರೋಟೀನ್ ಪ್ಲಾಸ್ಟಿಕ್ಕಿಗೆ ಅಂಟದಿರಲಿ ಅಂತ ನಾನೇ ಬಫರಿಗೆ 0.1% ಅಲ್ಬುಮಿನ್, ಅಂದರೆ ದನದ ರಕ್ತದ ಒಂದು ಪ್ರೋಟೀನ್, ಹಾಕಿದ್ದೆ. ಅಲ್ಬುಮಿನ್ನೂ ರೆಟಿನಾಲ್ ಹಿಡಿಯುತ್ತದೆ, ಮೇಲಾಗಿ ಅದು 15 ಮೈಕ್ರೋಮೋಲಾರ್, ನನ್ನ ಪ್ರೋಟೀನಿನ 7 ಪಟ್ಟಿಗಿಂತ ಜಾಸ್ತಿ.

ಅಲ್ಬುಮಿನ್ ಸೇರಿಸದ ಆರ್‌ಬಿಪಿ4 ವಯಲ್ ತರಿಸಿದೆ, ಬಫರಿನಿಂದಲೂ ಅದನ್ನು ತೆಗೆದೆ. ಪ್ರೋಟೀನ್ ಅಂಟದ ಟ್ಯೂಬುಗಳಲ್ಲಿ ಗಟ್ಟಿ ದ್ರಾವಣವನ್ನೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಟ್ಟು, ಬೇಕಾದಾಗ ಒಂದೊಂದೇ ಕರಗಿಸಿ, ಅಳೆಯುವ ಮುಂಚೆಯಷ್ಟೇ ತೆಳು ಮಾಡಿದೆ. ಬರೀ ಬಫರಿನ ಹೊಳಪು ಕಳೆದ ಮೇಲೆ ಗೆರೆ 1.8ರ ಹತ್ತಿರ ಬಾಗಿತು.